ಬೋಟು ಅದುರುತ್ತಿದೆಯೇ? ಮೌಂಟಿನ ನಟ್ ಮುಟ್ಟುವ ಮೊದಲು ಮಾಡಬೇಕಾದ ಪತ್ತೆಕೆಲಸ

ಬೋಟಿನ ಎಂಜಿನ್ ಅದುರತೊಡಗಿತೆಂದರೆ ಹೆಚ್ಚಿನವರ ಸ್ಪ್ಯಾನರ್ ನೇರ ಹೋಗುವುದು ಎಂಜಿನ್ ಮೌಂಟಿನ (ಎಂಜಿನ್ನನ್ನು ಹೊತ್ತ ರಬ್ಬರ್ ಆಸರೆ) ನಟ್‌ಗೆ. "ಅಲೈನ್‌ಮೆಂಟ್ ಹೋಗಿದೆ" (ಎಂಜಿನ್ನೂ ಪ್ರೊಪೆಲ್ಲರ್ ತಿರುಗಿಸುವ ಶಾಫ್ಟೂ ಒಂದೇ ನೇರದಲ್ಲಿಲ್ಲ) ಎನ್ನುವುದು ಎಲ್ಲ ಅದುರಾಟಕ್ಕೂ ಸಿದ್ಧ ಉತ್ತರ. ಆದರೆ ಅಲೈನ್‌ಮೆಂಟ್ ಕೆಟ್ಟ ಎಷ್ಟೋ ಬೋಟುಗಳು ಸದ್ದಿಲ್ಲದೆ ಓಡುತ್ತಿರುತ್ತವೆ, ಒಳಗೊಳಗೇ ಶಾಫ್ಟ್ ಬುಷ್ಷನ್ನೂ ಗೇರ್‌ಬಾಕ್ಸ್ ಬೇರಿಂಗನ್ನೂ ಸವೆಸುತ್ತಾ. ಹಲ್ಲು ಕಟಕಟ ಅನ್ನುವಷ್ಟು ಅದುರುವ ಎಷ್ಟೋ ಬೋಟುಗಳಲ್ಲಿ ಅಲೈನ್‌ಮೆಂಟ್ ಸರಿಯಾಗಿಯೇ ಇರುತ್ತದೆ; ತಪ್ಪಿರುವುದು ಪ್ರೊಪೆಲ್ಲರಿನ ಒಂದು ಬ್ಲೇಡಿನಲ್ಲಿ. ಅಂಥ ಬೋಟಿನ ಮೌಂಟ್ ತಿರುಗಿಸಿದರೆ ಒಂದಿದ್ದ ತೊಂದರೆ ಎರಡಾಗುತ್ತದೆ.

ಅಲೈನ್‌ಮೆಂಟ್ ದೋಷ ನಿಂತಲ್ಲೇ ನಿಂತಿರುವ ದೋಷ. ಎಂಜಿನ್ ಒಂದು ಕಡೆಗೆ ವಾಲಿ ಕೂತಿರುತ್ತದೆ, ಶಾಫ್ಟ್ ಎಷ್ಟು ಸುತ್ತಿದರೂ ಆ ವಾಲು ಜಾಗ ಬದಲಿಸದು. ಬಾಗಿದ ಶಾಫ್ಟ್, ಸೊಟ್ಟಗಾದ ಬ್ಲೇಡ್, ಓರೆಯಾಗಿ ಕೂತ ಕಪ್ಲಿಂಗ್ ಹಾಗಲ್ಲ. ಅವು ಶಾಫ್ಟಿನ ಜೊತೆಗೇ ಸುತ್ತುವ ದೋಷಗಳು, ಬೋಟನ್ನು ಅಲುಗಾಡಿಸುವುದರಲ್ಲಿ ಅವುಗಳದ್ದೇ ಮೇಲುಗೈ. ನಿಂತ ದೋಷ ಯಾವುದು, ಸುತ್ತುವ ದೋಷ ಯಾವುದು ಎಂದು ಬೇರೆ ಮಾಡಿಕೊಂಡರೆ ಮುಕ್ಕಾಲು ಕೆಲಸ ಮುಗಿದಂತೆ.

ಇಲ್ಲಿ ಹೇಳುವುದೆಲ್ಲ ಬೋಟಿನ ಒಳಗೇ ಕೂತ ಡೀಸೆಲ್ ಎಂಜಿನ್, ಅದರ ಹಿಂದೆ ಗೇರ್‌ಬಾಕ್ಸ್, ಅದನ್ನು ಶಾಫ್ಟಿಗೆ ಜೋಡಿಸುವ ಕಪ್ಲಿಂಗ್, ಸ್ಟರ್ನ್ ಟ್ಯೂಬ್ ಎಂಬ ಕೊಳವೆಯ ಮೂಲಕ ಹೊರಗೆ ಹೋಗುವ ಶಾಫ್ಟ್, ಹೊರಗಡೆ ಬ್ರಾಕೆಟ್ಟಿನಲ್ಲಿ ಅಥವಾ ಟ್ಯೂಬಿನ ತುದಿಯಲ್ಲಿ ಶಾಫ್ಟನ್ನು ಹಿಡಿದಿರುವ ರಬ್ಬರ್ ಬುಷ್, ಕೊನೆಗೆ ಪ್ರೊಪೆಲ್ಲರ್ ಇರುವ ವ್ಯವಸ್ಥೆಗೆ. ಔಟ್‌ಬೋರ್ಡ್ ಮೋಟಾರಿನ ಕತೆ ಬೇರೆ.

ಮೊದಲ ಪ್ರಶ್ನೆ: ಯಾವಾಗಿನಿಂದ, ಯಾವಾಗ?

ನಿನ್ನೆ ಸರಿಯಿದ್ದ ಬೋಟು ಇವತ್ತು ಏಕಾಏಕಿ ಅದುರಿದರೆ ಅಲೈನ್‌ಮೆಂಟಿನ ಮೇಲೆ ಅನುಮಾನ ಪಡಬೇಡಿ. ಪ್ರೊಪೆಲ್ಲರಿಗೆ ಹಗ್ಗವೋ ಬಲೆಯ ತುಂಡೋ ಪ್ಲಾಸ್ಟಿಕ್ಕೋ ಸುತ್ತಿಕೊಂಡಿರಬಹುದು, ತೇಲುವ ಮರದ ದಿಮ್ಮಿ ಬಡಿದು ಬ್ಲೇಡ್ ಮಡಚಿರಬಹುದು, ಮೌಂಟಿನ ರಬ್ಬರ್ ಕಿತ್ತಿರಬಹುದು, ಶಾಫ್ಟಿಗೆ ಹಾಕಿದ ಸತುವಿನ ಆನೋಡ್ ಅರ್ಧ ಕಳಚಿ ಒಂದೇ ಕಡೆ ಭಾರವಾಗಿ ಉಳಿದಿರಬಹುದು. ತಿಂಗಳುಗಟ್ಟಲೆ ಮೆಲ್ಲಮೆಲ್ಲನೆ ಏರಿದ ಅದುರಾಟವಾದರೆ ಸವೆದ ಬುಷ್, ಕುಸಿಯುತ್ತಿರುವ ಮೌಂಟ್, ಬ್ಲೇಡಿಗೆ ಕಟ್ಟಿದ ಬಾರ್ನಕಲ್ ಚಿಪ್ಪು, ಇವು ಮುಂದಿನ ಸಾಲಿನಲ್ಲಿ ನಿಲ್ಲುತ್ತವೆ. ಬೋಟನ್ನು ದಡಕ್ಕೆ ಎಳೆದು ಕೆಲಸ ಮಾಡಿಸಿ ಮರಳಿ ನೀರಿಗಿಳಿಸಿದ ಕೂಡಲೇ ಶುರುವಾಗಿದ್ದರೆ, ಆ ಕೆಲಸದಲ್ಲಿ ಏನೇನು ಬಿಚ್ಚಿದ್ದರು ಎಂದು ವಿಚಾರಿಸಿ. ಉತ್ತರ ಸಾಮಾನ್ಯವಾಗಿ ಆ ಪಟ್ಟಿಯಲ್ಲೇ ಇರುತ್ತದೆ.

ಇನ್ನು ಪರೀಕ್ಷೆ. ಎಂಜಿನ್ ಬಿಸಿಯಾದ ಮೇಲೆ, ಬೋಟನ್ನು ದಕ್ಕೆಗೆ ಮುಂದೆಯೂ ಹಿಂದೆಯೂ ಗಟ್ಟಿ ಹಗ್ಗದಲ್ಲಿ ಕಟ್ಟಿ, ನ್ಯೂಟ್ರಲ್‌ನಲ್ಲಿ ಐಡಲಿನಿಂದ ಮೇಲಕ್ಕೆ ಒಂದಿನ್ನೂರು ಆರ್‌ಪಿಎಂ ಏರಿಸುತ್ತಾ ಹೋಗಿ. ಪ್ರತಿ ಮೆಟ್ಟಿಲಲ್ಲೂ ಅರ್ಧ ನಿಮಿಷ ನಿಲ್ಲಿ, ಏನಾಗುತ್ತದೆಂದು ಬರೆದಿಡಿ. ಆಮೇಲೆ ಫಾರ್ವರ್ಡ್ ಗೇರಿನಲ್ಲಿ, ಹಗ್ಗ ತಡೆಯುವ ಮಟ್ಟಿಗೆ. ಅದಾದ ಮೇಲೆ ತೆರೆದ ನೀರಿನಲ್ಲಿ ಪೂರ್ತಿ ವೇಗದ ತನಕ. ಕೊನೆಗೆ ಬೋಟು ವೇಗದಲ್ಲಿರುವಾಗಲೇ ಥ್ರಾಟಲ್ ಇಳಿಸಿ ನ್ಯೂಟ್ರಲ್‌ಗೆ ಹಾಕಿ, ಆ ಕ್ಷಣದಲ್ಲಿ ಅದುರಾಟ ಏನಾಯಿತು ಎಂದು ಗಮನಿಸಿ.

ನ್ಯೂಟ್ರಲ್‌ನಲ್ಲೂ ಅದುರುತ್ತಿದ್ದರೆ ಶಾಫ್ಟಿಗೂ ಅದಕ್ಕೂ ಸಂಬಂಧವಿಲ್ಲ. ಎಂಜಿನ್ ಅಥವಾ ಮೌಂಟನ್ನು ನೋಡಬೇಕು. ಗೇರ್ ಹಾಕಿದಾಗ ಮಾತ್ರ ಬಂದು ವೇಗದ ಜೊತೆ ಏರುತ್ತಾ ಹೋದರೆ ಪ್ರೊಪೆಲ್ಲರ್, ಶಾಫ್ಟ್, ಬುಷ್, ಕಪ್ಲಿಂಗ್ ಇವುಗಳಲ್ಲಿ ಒಂದು. ಒಂದು ನಿರ್ದಿಷ್ಟ ವೇಗದಲ್ಲಿ ಮಾತ್ರ, ಹೇಳುವುದಾದರೆ 1400ರಿಂದ 1600 ಆರ್‌ಪಿಎಂ ನಡುವೆ ಮಾತ್ರ, ಬಂದು ಮೇಲೆ ಹೋದರೆ ಮಾಯವಾಗುವುದಾದರೆ ಅದು ಅನುರಣನ: ಯಾವುದೋ ಸಣ್ಣ ಅಲುಗಾಟ ಮೌಂಟಿನದೋ ತಳದ ಹಲಗೆಯದೋ ಸಹಜ ಕಂಪನಕ್ಕೆ ತಾಳ ಹೊಂದಿ ದೊಡ್ಡದಾಗುತ್ತಿದೆ. ಮೌಂಟ್ ಬದಲಿಸಿದ ಮೇಲೆ ಇದು ಶುರುವಾಗಿದ್ದರೆ ಎಂಜಿನ್ ತೂಕಕ್ಕೆ ತಕ್ಕ ಗಡಸುತನದ ಮೌಂಟ್ ಹಾಕಿಲ್ಲ ಎಂದೇ ಹೆಚ್ಚಿನ ಸಂದರ್ಭದಲ್ಲಿ ಅರ್ಥ. ಫಾರ್ವರ್ಡಿನಿಂದ ರಿವರ್ಸಿಗೆ ಹಾಕುವಾಗ ಧಡ್ ಎಂದು ಬಡಿದರೆ ಕಪ್ಲಿಂಗ್ ಬೋಲ್ಟ್ ಸಡಿಲ ಅಥವಾ ಮೌಂಟ್ ಹರಿದಿದೆ. ಐಡಲಿನಲ್ಲಿ ನ್ಯೂಟ್ರಲ್‌ನಲ್ಲಿದ್ದಾಗ ಗೇರ್‌ಬಾಕ್ಸ್ ಕಡೆಯಿಂದ ಗಲಗಲ ಸದ್ದು ಬಂದು, ಸ್ವಲ್ಪ ಥ್ರಾಟಲ್ ಕೊಟ್ಟರೆ ನಿಲ್ಲುವುದಾದರೆ ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವಿನ ಡ್ಯಾಂಪರ್ ಪ್ಲೇಟಿನ ಸ್ಪ್ರಿಂಗ್ ದಣಿದಿದೆ. ಅದನ್ನು ಬಹಳ ದಿನ ತಳ್ಳಬೇಡಿ, ಪ್ಲೇಟ್ ಒಡೆದರೆ ಎಂಜಿನ್ ಓಡುತ್ತಿದ್ದರೂ ಬೋಟು ಮುಂದೆ ಹೋಗದು.

ಇನ್ನೂ ಅನುಮಾನ ಉಳಿದರೆ ಖರ್ಚಿಲ್ಲದ ಒಂದು ಪರೀಕ್ಷೆ ಇದೆ. ಕಪ್ಲಿಂಗ್ ಬಿಚ್ಚಿ, ಶಾಫ್ಟನ್ನು ಹಿಂದಕ್ಕೆ ಸರಿಸಿ, ಗೇರ್‌ಬಾಕ್ಸ್ ಫ್ಲ್ಯಾಂಜಿಗೆ (ಕಪ್ಲಿಂಗ್ ಬೋಲ್ಟ್ ಕೂರುವ ಚಪ್ಪಟೆ ತಟ್ಟೆ) ತಾಗದಂತೆ ಗಟ್ಟಿಯಾಗಿ ಕಟ್ಟಿ, ಎಂಜಿನ್ನನ್ನು ಗೇರಿನಲ್ಲಿ ಓಡಿಸುವುದು. ಫ್ಲ್ಯಾಂಜ್ ಒಂದೇ ಸುತ್ತುವಾಗಲೂ ಅದುರಾಟ ಉಳಿದರೆ ಶಾಫ್ಟ್, ಪ್ರೊಪೆಲ್ಲರ್ ಎರಡೂ ನಿರ್ದೋಷಿ.

ಲೆಕ್ಕ ಹೇಳುವ ಸಾಕ್ಷಿ

ಅದುರಾಟದ ವೇಗ ಅಳೆದರೆ ಯಾವ ಭಾಗ ಎಂಬುದು ಬೇಗ ಗೊತ್ತಾಗುತ್ತದೆ. ಫೋನಿನಲ್ಲಿ ಕಂಪನ ಅಳೆಯುವ ಆ್ಯಪ್ ಇದ್ದರೆ ಸಾಕು. ಎಂಜಿನ್ 2400 ಆರ್‌ಪಿಎಂ, ಗೇರ್ ಅನುಪಾತ 2:1 ಎಂದುಕೊಳ್ಳಿ. ಎಂಜಿನ್ ಸೆಕೆಂಡಿಗೆ 40 ಸುತ್ತು, ಶಾಫ್ಟ್ 20 ಸುತ್ತು. ಶಾಫ್ಟ್ ಬಾಗಿದ್ದರೆ, ಪ್ರೊಪೆಲ್ಲರ್ ಬ್ಯಾಲೆನ್ಸ್ ತಪ್ಪಿದ್ದರೆ 20 ಹರ್ಟ್ಜ್ (ಸೆಕೆಂಡಿಗೆ 20 ಬಡಿತ) ಎದ್ದು ಕಾಣುತ್ತದೆ. ಮೂರು ಬ್ಲೇಡಿನ ಪ್ರೊಪೆಲ್ಲರ್ ತಳಕ್ಕೆ ತೀರ ಹತ್ತಿರವಿದ್ದು ಪ್ರತಿ ಬ್ಲೇಡ್ ಹಾದಾಗಲೂ ನೀರು ತಳಕ್ಕೆ ಗುದ್ದುತ್ತಿದ್ದರೆ 60 ಹರ್ಟ್ಜ್. ನಾಲ್ಕು ಸಿಲಿಂಡರಿನ ಫೋರ್ ಸ್ಟ್ರೋಕ್ ಎಂಜಿನ್ ಸುತ್ತಿಗೆ ಎರಡು ಸಲ ಉರಿಯುವುದರಿಂದ ಅದರ ಸಹಜ ಬಡಿತ 80 ಹರ್ಟ್ಜ್.

ಇಲ್ಲೊಂದು ಬಲೆ ಇದೆ. ಒಂದು ಸಿಲಿಂಡರ್ ಸರಿಯಾಗಿ ಉರಿಯದಿದ್ದರೆ ಆ ಕುಂದು ಎರಡು ಸುತ್ತಿಗೊಮ್ಮೆ ಬರುತ್ತದೆ, ಅಂದರೆ ಅದೂ 20 ಹರ್ಟ್ಜ್! 2:1 ಗೇರ್ ಇರುವ ಬೋಟಿನಲ್ಲಿ ಸತ್ತ ಇಂಜೆಕ್ಟರೂ ಬಾಗಿದ ಶಾಫ್ಟೂ ಆ್ಯಪಿನ ಪರದೆಯ ಮೇಲೆ ಒಂದೇ ಜಾಗದಲ್ಲಿ ಗೆರೆ ಎಬ್ಬಿಸುತ್ತವೆ. ನ್ಯೂಟ್ರಲ್ ಪರೀಕ್ಷೆಯನ್ನು ಮೊದಲಿಗೆ ಹೇಳಿದ್ದು ಇದಕ್ಕಾಗಿಯೇ. ಬೋಟಿನ ಆರ್‌ಪಿಎಂ ಮೀಟರನ್ನು ಕುರುಡಾಗಿ ನಂಬಬೇಡಿ. ಎಷ್ಟೋ ಮೀಟರುಗಳು ಆಲ್ಟರ್ನೇಟರಿನಿಂದ ಸಿಗ್ನಲ್ ತೆಗೆದುಕೊಳ್ಳುತ್ತವೆ, ಬೆಲ್ಟ್ ಜಾರಿದರೆ ಮೀಟರೂ ಸುಳ್ಳು ಹೇಳುತ್ತದೆ. ಕೈಯಲ್ಲಿ ಹಿಡಿಯುವ ಆಪ್ಟಿಕಲ್ ಟ್ಯಾಕೋಮೀಟರ್ ಸಿಕ್ಕರೆ ಶಾಫ್ಟಿಗೆ ಒಂದು ತುಂಡು ಹೊಳೆಯುವ ಟೇಪ್ ಅಂಟಿಸಿ ನೇರವಾಗಿ ಅಳೆಯಬಹುದು.

ಎಂಜಿನ್ನಿನದೇ ತಪ್ಪಾದರೆ ಫಿಲ್ಟರ್, ಡೀಸೆಲ್ ಲೈನಿನಲ್ಲಿ ಗಾಳಿ, ಇಂಜೆಕ್ಟರ್ ಹೀಗೆ ಕ್ರಮವಾಗಿ ನೋಡಿ. ಹಳೆಯ ಮೆಕ್ಯಾನಿಕಲ್ ಪಂಪಿನ ಎಂಜಿನ್ನಿನಲ್ಲಿ ಐಡಲಿನಲ್ಲಿ ಒಂದೊಂದೇ ಇಂಜೆಕ್ಟರಿನ ಪೈಪ್ ನಟ್ಟನ್ನು ಸ್ವಲ್ಪ ಸಡಿಲಿಸಿ ನೋಡುವ ರೂಢಿ ಇದೆ: ಎಂಜಿನ್ ಸದ್ದು ಕುಗ್ಗಿದರೆ ಆ ಸಿಲಿಂಡರ್ ಕೆಲಸ ಮಾಡುತ್ತಿತ್ತು, ಏನೂ ಬದಲಾಗದಿದ್ದರೆ ಅದೇ ಕಳ್ಳ. ಎಲ್ಲ ಇಂಜೆಕ್ಟರಿಗೂ ಒಂದೇ ಅಧಿಕ ಒತ್ತಡದ ಪೈಪಿನಿಂದ ಡೀಸೆಲ್ ಹೋಗುವ ಕಾಮನ್ ರೈಲ್ ಎಂಜಿನ್ನಿನಲ್ಲಿ ಇದನ್ನು ಯಾವತ್ತೂ ಮಾಡಬೇಡಿ. ಅದರ ಪೈಪಿನಲ್ಲಿ ಸಾವಿರ ಬಾರ್‌ಗೂ (ಒತ್ತಡದ ಅಳತೆ) ಮೀರಿದ ಒತ್ತಡ ಇರಬಹುದು, ಚಿಮ್ಮಿದ ಡೀಸೆಲ್ ಚರ್ಮವನ್ನೇ ತೂರಿ ಒಳಹೋಗುತ್ತದೆ. ಎರಡು ಮೂರು ಸಿಲಿಂಡರಿನ ಸಣ್ಣ ಎಂಜಿನ್ ಮೆತ್ತನೆಯ ಮೌಂಟಿನ ಮೇಲೆ ಐಡಲಿನಲ್ಲಿ ಕುಣಿಯುವುದು ಸಹಜ. ಐಡಲ್ ವೇಗ ಮ್ಯಾನುಯಲ್ ಹೇಳಿದ್ದಕ್ಕಿಂತ ಇಳಿದಿದೆಯೇ ಎಂದಷ್ಟೇ ನೋಡಿಕೊಂಡರೆ ಸಾಕು.

ಎಂಜಿನ್ ನಿಲ್ಲಿಸಿ, ಟಾರ್ಚ್ ಹಿಡಿದು

ಕೀಲಿ ತೆಗೆದು ಜೇಬಿಗೆ ಹಾಕಿಕೊಳ್ಳಿ, ಬ್ಯಾಟರಿ ಸ್ವಿಚ್ ಆಫ್ ಮಾಡಿ, ಆಮೇಲೆ ಕೆಳಗಿಳಿಯಿರಿ. ಕೈಗಿಂತ ಕಣ್ಣಿಗೆ ಮೊದಲು ಕೆಲಸ. ಕಪ್ಲಿಂಗ್ ಬೋಲ್ಟಿನ ಸುತ್ತ, ಮೌಂಟಿನ ಪಾದದ ಸುತ್ತ ಕೆಂಪು ಕಂದು ಪುಡಿ ಕಂಡರೆ ಅಲ್ಲಿ ಲೋಹಕ್ಕೆ ಲೋಹ ಉಜ್ಜುತ್ತಿದೆ, ಅಂದರೆ ಏನೋ ಸಡಿಲವಾಗಿದೆ. ಮೌಂಟಿನ ಕೆಳಗೆ ಕರಿ ಪುಡಿ ಇದ್ದರೆ ರಬ್ಬರ್ ಹರಿಯುತ್ತಿದೆ. ನಾಲ್ಕೂ ಮೌಂಟಿನ ಎತ್ತರವನ್ನು ಅಳೆದು ಬರೆದುಕೊಳ್ಳಿ. ಎಡ ಬಲದ ಜೋಡಿ ಹೆಚ್ಚುಕಡಿಮೆ ಒಂದೇ ಇರಬೇಕು. ಒಂದು ಮಾತ್ರ ಕುಗ್ಗಿದ್ದರೆ ಅದರ ಮೇಲೆ ಡೀಸೆಲ್ ಅಥವಾ ಎಣ್ಣೆ ತೊಟ್ಟಿಕ್ಕುತ್ತಿದೆಯೇ ನೋಡಿ, ಮೌಂಟಿನ ರಬ್ಬರಿಗೆ ಅದಕ್ಕಿಂತ ದೊಡ್ಡ ಶತ್ರು ಇಲ್ಲ. ಮೇಲಿನ ನಟ್ಟು ಬಿಗಿಯಾಗಿದ್ದರೂ ಒಳಗೆ ರಬ್ಬರ್ ಲೋಹದಿಂದ ಬಿಟ್ಟಿರಬಹುದು. ಗಟ್ಟಿ ಮರದ ತುಂಡನ್ನು ಆನಿಸಿ, ಸಣ್ಣ ಹಾರೆಯಿಂದ ಎಂಜಿನ್ನಿನ ಮೂಲೆಯನ್ನು ಎತ್ತಿ ನೋಡಿ. ಒಳ್ಳೆಯ ಮೌಂಟ್ ಬಿಗಿಯಾಗಿ ಎದುರು ಒತ್ತುತ್ತದೆ. ಬಿಟ್ಟ ಮೌಂಟ್ ಬಾಯಿ ತೆರೆಯುತ್ತದೆ. ಮೌಂಟ್ ಕೂತ ಕಟ್ಟೆಯನ್ನೂ ಮರೆಯಬೇಡಿ. ಮರದ ಬೋಟಿನಲ್ಲಿ ಆ ದಿಮ್ಮಿಗೆ ಕೊಳೆ ಹಿಡಿದು ಸ್ಕ್ರೂ ಸಡಿಲವಾಗಿರುತ್ತದೆ, ಫೈಬರ್ ಬೋಟಿನಲ್ಲಿ ಕಟ್ಟೆ ತಳಕ್ಕೆ ಸೇರುವ ಗೆರೆಯಲ್ಲಿ ಬಿರುಕು ಬಂದಿರುತ್ತದೆ.

ಈಗ ಬೇರೊಬ್ಬರು ಎಂಜಿನ್ ಚಾಲೂ ಮಾಡಿ ಗೇರಿನಲ್ಲಿ ನಿಧಾನ ಓಡಿಸಲಿ, ನೀವು ದೂರದಿಂದ ಶಾಫ್ಟ್ ನೋಡಿ. ಸಡಿಲ ಬಟ್ಟೆ, ಉದ್ದ ಕೂದಲು, ಕೈಗೆ ಸುತ್ತಿದ ಬಟ್ಟೆ ಯಾವುದೂ ಹತ್ತಿರ ಬರಕೂಡದು. ಗ್ಲ್ಯಾಂಡ್ (ಶಾಫ್ಟಿನ ಸುತ್ತ ಪ್ಯಾಕಿಂಗ್ ತುಂಬಿ ನೀರು ಒಳಬರದಂತೆ ತಡೆಯುವ ಭಾಗ) ರಬ್ಬರ್ ಹೋಸಿನ ಮೇಲೆ ಕೂತಿದ್ದರೆ ಆ ಹೋಸನ್ನೇ ನೋಡಿ: ಅದು ವೃತ್ತಾಕಾರವಾಗಿ ತೂಗಾಡುತ್ತಿದ್ದರೆ ಶಾಫ್ಟ್ ನೇರವಾಗಿ ಸುತ್ತುತ್ತಿಲ್ಲ. ಗ್ಲ್ಯಾಂಡ್ ಒಂದೇ ಕಡೆ ಪ್ಯಾಕಿಂಗ್ ತಿನ್ನುತ್ತಾ, ಎಷ್ಟು ಬಿಗಿದರೂ ಮತ್ತೆ ಸೋರುತ್ತಿದ್ದರೆ ಅದೂ ಒಂದು ಸುಳಿವೇ. ಪದೇ ಪದೇ ಪ್ಯಾಕಿಂಗ್ ಬದಲಿಸುವವರು ಗ್ಲ್ಯಾಂಡನ್ನು ಬೈಯುವುದು ಬಿಟ್ಟು ಶಾಫ್ಟ್ ಅಳೆಯುವುದು ಒಳ್ಳೆಯದು.

ನೀರಿನ ಕೆಳಗೆ

ಬೋಟು ಮೇಲೆ ಬಂದಾಗ ನೋಡಬೇಕಾದ್ದು ಪ್ರೊಪೆಲ್ಲರ್ ಮತ್ತು ಬುಷ್. ಬ್ಲೇಡಿನ ತುದಿ ಸುಲಿದಿದ್ದರೆ, ಮಡಚಿದ್ದರೆ ಕಣ್ಣಿಗೇ ಕಾಣುತ್ತದೆ. ಕಾಣದ ಸೊಟ್ಟು ಹಿಡಿಯಲು ಒಂದು ಕಡ್ಡಿಯನ್ನು ತಳಕ್ಕೋ ಬ್ರಾಕೆಟ್ಟಿಗೋ ಟೇಪಿನಿಂದ ಅಂಟಿಸಿ, ಅದರ ತುದಿ ಬ್ಲೇಡಿನ ತುದಿಯ ಎದುರು ಬರುವಂತೆ ನಿಲ್ಲಿಸಿ. ಶಾಫ್ಟನ್ನು ಮುಂದಕ್ಕೆ ಒತ್ತಿ ಹಿಡಿದು ಪ್ರೊಪೆಲ್ಲರ್ ಕೈಯಿಂದ ತಿರುಗಿಸುತ್ತಾ, ಪ್ರತಿ ಬ್ಲೇಡೂ ಅದೇ ಜಾಗಕ್ಕೆ ಬಂದಾಗ ಕಡ್ಡಿಗೂ ಬ್ಲೇಡಿಗೂ ಇರುವ ದೂರ ಅಳೆಯಿರಿ. ಎರಡು ಬ್ಲೇಡಿಗೆ ಒಂದೇ ಅಳತೆ ಬಂದು ಮೂರನೆಯದಕ್ಕೆ ಕೆಲವು ಮಿಲಿಮೀಟರ್ ವ್ಯತ್ಯಾಸ ಬಂದರೆ ಪ್ರೊಪೆಲ್ಲರನ್ನು ರಿಪೇರಿ ಶಾಪಿಗೆ ಕಳಿಸಿ. ಸುತ್ತಿಗೆಯಿಂದ ಹೊಡೆದು ನೇರ ಮಾಡುವ ಕೆಲಸಕ್ಕೆ ಇಳಿಯಬೇಡಿ. ತುದಿ ನೇರವಾಗುತ್ತದೆ, ಪಿಚ್ (ಬ್ಲೇಡಿನ ತಿರುಚು) ಕೆಡುತ್ತದೆ.

ಬ್ಲೇಡಿನ ತುದಿಗೂ ಬೋಟಿನ ತಳಕ್ಕೂ ನಡುವಿನ ಅಂತರ ಪ್ರೊಪೆಲ್ಲರ್ ವ್ಯಾಸದ ಕನಿಷ್ಠ 10 ಶೇಕಡಾ ಇರಬೇಕು, 15 ಇದ್ದರೆ ಇನ್ನೂ ಒಳ್ಳೆಯದು. 500 ಮಿ.ಮೀ. ಪ್ರೊಪೆಲ್ಲರಿಗೆ 50ರಿಂದ 75 ಮಿ.ಮೀ. "ಇನ್ನೊಂದು ಸ್ವಲ್ಪ ದೊಡ್ಡದು ಹಾಕೋಣ" ಎಂದು ಬದಲಿಸಿದ ಪ್ರೊಪೆಲ್ಲರಿನಿಂದ ಶುರುವಾದ ಅದುರಾಟವನ್ನು ಯಾವ ಅಲೈನ್‌ಮೆಂಟೂ ಸರಿಮಾಡದು. ಪ್ರೊಪೆಲ್ಲರಿನ ಗುಂಬಕ್ಕೂ ಬುಷ್ಷಿಗೂ ನಡುವಿನ ಜಾಗ ಶಾಫ್ಟಿನ ಒಂದು ವ್ಯಾಸಕ್ಕಿಂತ ಹೆಚ್ಚಿರಬಾರದು. ಹೆಚ್ಚಾದಷ್ಟೂ ಶಾಫ್ಟಿನ ತುದಿ ಬೀಸುತ್ತದೆ.

ಬುಷ್ ಪರೀಕ್ಷೆ ಸುಲಭ. ಪ್ರೊಪೆಲ್ಲರ್ ಹತ್ತಿರ ಶಾಫ್ಟ್ ಹಿಡಿದು ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಅಲುಗಾಡಿಸಿ. 25 ಮಿ.ಮೀ. ಶಾಫ್ಟಿಗೆ ಒಂದೂವರೆ ಮಿ.ಮೀ. ಆಟ ಬಂದಿದೆಯೆಂದರೆ ಬುಷ್ಷಿನ ಆಯಸ್ಸು ಮುಗಿದಿದೆ. ಹೊಸದು ಹಾಕುವ ಮುಂಚೆ ಹಳೆಯದು ಹೇಗೆ ಸವೆದಿದೆ ನೋಡಿ, ಅದು ಜಾತಕವಿದ್ದ ಹಾಗೆ. ಸುತ್ತಲೂ ಸಮವಾಗಿ ಸವೆದಿದ್ದರೆ ವಯಸ್ಸಾಗಿದೆ ಅಷ್ಟೇ. ಹಿಂದಿನ ತುದಿಯಲ್ಲಿ ಕೆಳಗೆ, ಮುಂದಿನ ತುದಿಯಲ್ಲಿ ಮೇಲೆ, ಹೀಗೆ ಎದುರುಬದುರಾಗಿ ಸವೆದಿದ್ದರೆ ಶಾಫ್ಟ್ ಬುಷ್ಷಿನೊಳಗೆ ಓರೆಯಾಗಿ ಓಡುತ್ತಿತ್ತು. ಇಲ್ಲಿ ಮಾತ್ರ ಅಲೈನ್‌ಮೆಂಟಿನ ಮೇಲೆ ಬೆರಳು ತೋರಿಸಬಹುದು. ಕಡಿಮೆ ವೇಗದಲ್ಲಿ ಕಿರ್ರ್ ಎಂದು ರಬ್ಬರ್ ಕಿರುಚುತ್ತಿದ್ದರೆ ಬುಷ್ಷಿಗೆ ನೀರು ಹೋಗುತ್ತಿಲ್ಲ, ಅದರ ಒಳಗಿನ ನೀರು ಹರಿಯುವ ತೋಡುಗಳಲ್ಲಿ ಕೆಸರೋ ಚಿಪ್ಪೋ ತುಂಬಿದೆ.

ಅಲೈನ್‌ಮೆಂಟ್: ಬೋಟು ನೀರಿನಲ್ಲೇ ಇರಲಿ

ದಡದಲ್ಲಿ ಮಾಡಿದ ಅಲೈನ್‌ಮೆಂಟ್ ಅಂದಾಜಿನದು. ನೀರಿಗಿಳಿದ ಬೋಟಿನ ತಳ ತನ್ನ ಆಕಾರ ಬದಲಿಸುತ್ತದೆ, ಮರದ ಬೋಟಾದರೆ ಇನ್ನೂ ಹೆಚ್ಚು. ಆದ್ದರಿಂದ ಇಳಿಸಿ ಕನಿಷ್ಠ ಒಂದು ದಿನ ಬಿಡಿ, ಟ್ಯಾಂಕಿನಲ್ಲಿ ಎಂದಿನಷ್ಟು ಡೀಸೆಲ್, ನೀರು ಇರಲಿ, ಭಾರ ಎಂದಿನ ಜಾಗದಲ್ಲಿರಲಿ. ಹಾಯಿ ಬೋಟಾದರೆ ಹಾಯಿಕಂಬದ ತಂತಿಗಳು ಎಂದಿನ ಬಿಗಿಯಲ್ಲಿರಲಿ. ಹೊಸ ಮೌಂಟ್ ಹಾಕಿದ್ದರೆ ಎಂಜಿನ್ ಭಾರಕ್ಕೆ ರಬ್ಬರ್ ಕೂರಲು ಒಂದೆರಡು ದಿನ ಕೊಡಿ.

ತಲೆಯಲ್ಲಿ ಇಟ್ಟುಕೊಳ್ಳಬೇಕಾದ ಮಾತು: ಗೆರೆ ನಿರ್ಧರಿಸುವುದು ಬುಷ್ ಮತ್ತು ಸ್ಟರ್ನ್ ಟ್ಯೂಬ್. ಶಾಫ್ಟ್ ಅವುಗಳ ನಡುವೆ ಸಹಜವಾಗಿ ಮಲಗಬೇಕು, ಎಂಜಿನ್ ಬಂದು ಶಾಫ್ಟಿಗೆ ಹೊಂದಿಕೊಳ್ಳಬೇಕು. ಶಾಫ್ಟನ್ನು ಎಳೆದು ಎಂಜಿನ್ನಿಗೆ ಬಿಗಿಯುವುದು ತಲೆಕೆಳಗಾದ ಕೆಲಸ. ಬ್ರಾಕೆಟ್ಟೇ ಓರೆಯಾಗಿದ್ದರೆ ಎಂಜಿನ್ ಎಷ್ಟು ಜರುಗಿಸಿದರೂ ಪ್ರಯೋಜನವಿಲ್ಲ.

ಕಪ್ಲಿಂಗ್ ಬಿಚ್ಚುವ ಮೊದಲು ಶಾಫ್ಟಿಗೆ ಗ್ಲ್ಯಾಂಡಿಗಿಂತ ಮುಂದೆ, ಬೋಟಿನ ಒಳಬದಿಯಲ್ಲಿ, ಒಂದು ಗಟ್ಟಿ ಕ್ಲಾಂಪ್ ಹಾಕಿ. ಕಪ್ಲಿಂಗ್ ಶಾಫ್ಟಿನಿಂದ ಕಳಚಿ ಶಾಫ್ಟ್ ಹಿಂದಕ್ಕೆ ಜಾರಿ ಹೊರಗೆ ಹೋದರೆ, ಅದು ಬಿಟ್ಟುಹೋದ ರಂಧ್ರದಿಂದ ನೀರು ಒಳನುಗ್ಗಿ ಬೋಟು ಮುಳುಗಬಹುದು. ಎರಡೂ ಫ್ಲ್ಯಾಂಜಿನ ಮೇಲೆ ಒಂದೇ ಗೆರೆಯಲ್ಲಿ ಗುರುತು ಹಾಕಿ, ಬೋಲ್ಟ್ ತೆಗೆದು, ಮುಖಗಳನ್ನು ಒರೆಸಿ. ತುಕ್ಕು, ಬಣ್ಣ, ಸಣ್ಣ ಉಬ್ಬು ಇದ್ದರೆ ನುಣ್ಣನೆಯ ಕಲ್ಲಿನಿಂದ ತೆಗೆಯಿರಿ. ರಬ್ಬರಿನ ಫ್ಲೆಕ್ಸಿಬಲ್ ಕಪ್ಲಿಂಗ್ ನಡುವೆ ಇದ್ದರೆ ಅದನ್ನು ಹೊರಗಿಟ್ಟು ಲೋಹಕ್ಕೆ ಲೋಹ ಅಳೆಯಿರಿ. ಆ ರಬ್ಬರ್ ಗೇರ್ ಬೀಳುವ ಏಟನ್ನು ತಗ್ಗಿಸಲಿಕ್ಕೆ ಇರುವುದು, ಕೆಟ್ಟ ಅಲೈನ್‌ಮೆಂಟನ್ನು ಮುಚ್ಚಲಿಕ್ಕಲ್ಲ.

ಬಿಚ್ಚಿದ ಶಾಫ್ಟ್ ತನ್ನ ತೂಕಕ್ಕೇ ಕೆಳಗೆ ಬಾಗುತ್ತದೆ. ಅದನ್ನು ಎತ್ತಿ ಹಿಡಿಯದೆ ಅಳೆದರೆ ಆ ಬಾಗಿಗೆ ಎಂಜಿನ್ ಜೋಡಿಸಿದಂತಾಗುತ್ತದೆ. ಟ್ಯೂಬಿನ ಬೇರಿಂಗಿನಿಂದ ಕಪ್ಲಿಂಗ್ ತನಕ ಆಸರೆಯಿಲ್ಲದೆ ನಿಂತ ಶಾಫ್ಟಿನ ಅರ್ಧ ತೂಕ, ಅದಕ್ಕೆ ಕಪ್ಲಿಂಗಿನ ಪೂರ್ತಿ ತೂಕ, ಇಷ್ಟನ್ನು ಎತ್ತಬೇಕು. 30 ಮಿ.ಮೀ. ವ್ಯಾಸದ ಸ್ಟೀಲ್ ಶಾಫ್ಟ್ ಮೀಟರಿಗೆ ಸುಮಾರು 5.6 ಕಿಲೋ. ಒಂದು ಮೀಟರ್ ಆಸರೆಯಿಲ್ಲದೆ ಇದೆ, ಕಪ್ಲಿಂಗ್ 3 ಕಿಲೋ ತೂಗುತ್ತದೆ ಎಂದಾದರೆ 2.8 ಮತ್ತು 3 ಸೇರಿ 5.8 ಕಿಲೋ. ಸ್ಪ್ರಿಂಗ್ ತಕ್ಕಡಿಯನ್ನು ಕಪ್ಲಿಂಗಿಗೆ ಸಿಕ್ಕಿಸಿ ಅಷ್ಟು ತೋರಿಸುವವರೆಗೆ ಎತ್ತಿ, ಆ ಎತ್ತರದಲ್ಲಿ ಕೆಳಗೆ ಮರದ ಆಸರೆ ಕೊಡಿ. ಎಡಬಲಕ್ಕೆ ತಳ್ಳಿ ನೋಡಿ, ಎರಡೂ ತುದಿಯ ನಡುವಿನ ಮಧ್ಯಬಿಂದುವಿಗೆ ತನ್ನಿ. ಬೇಸರದ ಕೆಲಸ, ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಹಾಗಾಗಿಯೇ ಹೆಚ್ಚಿನವರ ಅಲೈನ್‌ಮೆಂಟ್ ನಿಲ್ಲುವುದಿಲ್ಲ.

ಇನ್ನು ಶಾಫ್ಟಿನ ಫ್ಲ್ಯಾಂಜನ್ನು ಗೇರ್‌ಬಾಕ್ಸ್ ಫ್ಲ್ಯಾಂಜಿನ ಹತ್ತಿರ ತನ್ನಿ. ಒಂದರ ನಡುವಿನ ಉಬ್ಬು ಇನ್ನೊಂದರ ಗುಳಿಗೆ ಕೈಬಲದಲ್ಲೇ, ಬಲವಂತವಿಲ್ಲದೆ ಇಳಿಯಬೇಕು. ಒತ್ತಿ ಕೂರಿಸಬೇಕಾಗಿ ಬಂದರೆ ಎಂಜಿನ್ ಪೂರ್ತಿಯಾಗಿ ಮೇಲೋ ಕೆಳಗೋ ಪಕ್ಕಕ್ಕೋ ಸರಿದಿದೆ, ಮೊದಲು ನಾಲ್ಕೂ ಮೌಂಟನ್ನು ಸಮನಾಗಿ ಜರುಗಿಸಿ ಅದನ್ನು ತಿದ್ದಿ. ಆಮೇಲೆ ಕೂದಲೆಳೆಯಷ್ಟು ಸಂದು ಬಿಟ್ಟು, ಫೀಲರ್ ಗೇಜಿನಿಂದ (ಸಂದು ಅಳೆಯುವ ತೆಳು ಲೋಹದ ಪಟ್ಟಿಗಳು) ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಅಳೆಯಿರಿ.

100 ಮಿ.ಮೀ. ವ್ಯಾಸದ ಫ್ಲ್ಯಾಂಜಿನಲ್ಲಿ ಮೇಲೆ 0.25, ಕೆಳಗೆ 0.55, ಎಡ 0.38, ಬಲ 0.42 ಮಿ.ಮೀ. ಬಂತು ಎನ್ನಿ. ಮೊದಲು ಅಳತೆ ಸರಿಯೇ ಎಂದು ನೋಡಿ: ಮೇಲೆ ಕೆಳಗೆ ಕೂಡಿದರೆ 0.80, ಎಡ ಬಲ ಕೂಡಿದರೂ 0.80. ಮುಖಗಳು ಸಮತಟ್ಟಾಗಿದ್ದರೆ ಈ ಎರಡು ಮೊತ್ತ ತಾಳೆಯಾಗಲೇಬೇಕು. ಆಗದಿದ್ದರೆ ಸಂದಿನಲ್ಲಿ ಕಸ ಇದೆ, ಇಲ್ಲವೇ ಅಳೆಯುವಾಗ ಶಾಫ್ಟ್ ಹಂದಾಡಿದೆ. ಒಪ್ಪಬಹುದಾದ ವ್ಯತ್ಯಾಸ ಫ್ಲ್ಯಾಂಜಿನ ವ್ಯಾಸದ ಸಾವಿರದಲ್ಲಿ ಒಂದು ಪಾಲು, ಇಲ್ಲಿ 0.10 ಮಿ.ಮೀ. ಗೇರ್‌ಬಾಕ್ಸ್ ಮ್ಯಾನುಯಲ್ ಇನ್ನೂ ಬಿಗಿಯಾದ ಮಿತಿ ಹೇಳಿದ್ದರೆ ಅದೇ ಅಂತಿಮ. ಎಡಬಲದ ವ್ಯತ್ಯಾಸ 0.04, ಪರವಾಗಿಲ್ಲ. ಮೇಲೆ ಕೆಳಗಿನದು 0.30, ಮಿತಿಯ ಮೂರು ಪಟ್ಟು.

ಹಾಗೆಂದು ಕೂಡಲೇ ಸ್ಪ್ಯಾನರ್ ಎತ್ತಬೇಡಿ. ಇಡೀ ಲೇಖನದಲ್ಲಿ ಒಂದೇ ಹಂತ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಗೇರ್‌ಬಾಕ್ಸ್ ಫ್ಲ್ಯಾಂಜನ್ನು ಹಾಗೇ ಹಿಡಿದು, ಶಾಫ್ಟನ್ನು ಮಾತ್ರ ಅರ್ಧ ಸುತ್ತು ತಿರುಗಿಸಿ ಮತ್ತೆ ಅಳೆಯಿರಿ. ಅಗಲದ ಸಂದು ಇನ್ನೂ ಕೆಳಗೇ ಇದ್ದರೆ ದೋಷ ನಿಂತದ್ದು, ನಿಜವಾದ ಅಲೈನ್‌ಮೆಂಟಿನದು. ಸಂದು ಶಾಫ್ಟಿನ ಜೊತೆ ಸುತ್ತಿ ಮೇಲಕ್ಕೆ ಬಂದರೆ ಶಾಫ್ಟ್ ಬಾಗಿದೆ ಅಥವಾ ಅದರ ಫ್ಲ್ಯಾಂಜ್ ಓರೆ, ಮೌಂಟ್ ಮುಟ್ಟುವಂತಿಲ್ಲ. ಬಹಳ ಸಲ ಎರಡೂ ಬೆರೆತಿರುತ್ತವೆ. ಮೊದಲ ಸಲ ಕೆಳಗಿನ ಸಂದು 0.30 ಹೆಚ್ಚಿತ್ತು, ಅರ್ಧ ಸುತ್ತಿನ ನಂತರ 0.10 ಮಾತ್ರ ಹೆಚ್ಚಿದೆ ಎನ್ನಿ. ಎರಡರ ಸರಾಸರಿ 0.20 ಅಲೈನ್‌ಮೆಂಟಿನ ಪಾಲು, ಎರಡರ ವ್ಯತ್ಯಾಸದ ಅರ್ಧ 0.10 ಶಾಫ್ಟಿನ ಪಾಲು. ಅನುಮಾನವಿದ್ದರೆ ಶಾಫ್ಟ್ ನಿಲ್ಲಿಸಿ ಗೇರ್‌ಬಾಕ್ಸ್ ಫ್ಲ್ಯಾಂಜನ್ನು ತಿರುಗಿಸಿಯೂ ಇದೇ ಆಟ ಆಡಬಹುದು. ಶಾಫ್ಟಿನ ಪಾಲು ಮಿತಿಗಿಂತ ಹೆಚ್ಚಿದ್ದರೆ ಸಣ್ಣ ಅಲುಗಾಟವನ್ನು ಮುಳ್ಳಿನಲ್ಲಿ ತೋರಿಸುವ ಡಯಲ್ ಗೇಜನ್ನು ಶಾಫ್ಟಿನ ಮೇಲೆ ಹಲವು ಕಡೆ ಇಟ್ಟು ಸುತ್ತಿಸಿ. ಶಾಫ್ಟ್ ನೇರವಾಗಿಯೇ ಸುತ್ತಿ ಫ್ಲ್ಯಾಂಜಿನ ಮುಖ ಮಾತ್ರ ತೂಗಿದರೆ, ಕಪ್ಲಿಂಗನ್ನು ಶಾಫ್ಟಿಗೆ ಕೂರಿಸಿಯೇ ಲೇತಿನಲ್ಲಿ ಮುಖ ಕಟ್ ಮಾಡಿಸಬೇಕು. ಬೇರೆ ಬೇರೆಯಾಗಿ ಮಾಡಿಸಿ ಜೋಡಿಸಿದರೆ ಮತ್ತೆ ಓರೆಯಾಗುತ್ತದೆ. ಗೇಜಿನ ಅಯಸ್ಕಾಂತದ ಬುಡ ಸಾಮಾನ್ಯ ಸ್ಟೇನ್‌ಲೆಸ್ ಮೇಲೂ ಅಲ್ಯೂಮಿನಿಯಂ ಮೇಲೂ ನಿಲ್ಲದು, ಕಬ್ಬಿಣದ ಭಾಗ ಹುಡುಕಿಕೊಳ್ಳಿ.

ತಿದ್ದುವ ಲೆಕ್ಕ

ನಿಯಮ ಸರಳ: ಸಂದು ಎತ್ತ ಅಗಲವೋ, ಎಂಜಿನ್ನಿನ ಮುಂಭಾಗ ಅತ್ತ ಸರಿಯಬೇಕು. ಕೆಳಗೆ ಅಗಲವಿದ್ದರೆ ಮುಂಭಾಗ ಇಳಿಸಿ, ಮೇಲೆ ಅಗಲವಿದ್ದರೆ ಎತ್ತಿ, ಎಡಕ್ಕೆ ಅಗಲವಿದ್ದರೆ ಎಡಕ್ಕೆ ತಳ್ಳಿ. ಎಡಬಲವನ್ನು ಯಾವಾಗಲೂ ಬೋಟಿನ ಮುಂದಕ್ಕೆ ಮುಖ ಮಾಡಿ ನಿಂತು ಹೇಳಿಕೊಳ್ಳಿ, ಇಲ್ಲದಿದ್ದರೆ ಸಹಾಯಕ್ಕೆ ನಿಂತವರು ಉಲ್ಟಾ ತಳ್ಳುತ್ತಾರೆ.

ಎಷ್ಟು ಇಳಿಸಬೇಕು? ಶಾಫ್ಟ್ ನಿರ್ದೋಷಿಯಾಗಿ 0.30 ಪೂರ್ತಿ ಅಲೈನ್‌ಮೆಂಟಿನದೇ ಎಂದಾದರೆ, 100 ಮಿ.ಮೀ.ಗೆ 0.30 ವಾಲು. ಹಿಂದಿನ ಮತ್ತು ಮುಂದಿನ ಮೌಂಟುಗಳ ನಡುವೆ 600 ಮಿ.ಮೀ. ಇದ್ದರೆ ಮುಂದಿನ ಮೌಂಟು ಅದರ ಆರು ಪಟ್ಟು, ಅಂದರೆ 1.8 ಮಿ.ಮೀ. ಇಳಿಯಬೇಕು. ಎಂ16 ಮೌಂಟಿನ ಸಾಮಾನ್ಯ ತ್ರೆಡ್ಡಿನಲ್ಲಿ ನಟ್ ಒಂದು ಸುತ್ತಿಗೆ 2 ಮಿ.ಮೀ. ಸರಿಯುತ್ತದೆ, ಆದ್ದರಿಂದ ಒಂದು ಸುತ್ತಿಗೆ ಸ್ವಲ್ಪ ಕಡಿಮೆ. ಮುಂದಿನ ಎರಡೂ ಮೌಂಟನ್ನು ಅಷ್ಟೇ ಅಷ್ಟು ತಿರುಗಿಸಿ. ಒಂದನ್ನೇ ಇಳಿಸಿದರೆ ಎಂಜಿನ್ ಮೂರು ಕಾಲಿನ ಮೇಲೆ ನಿಂತು, ಹೊಸ ಅದುರಾಟ ನೀವೇ ಕೊಂಡುತಂದಂತಾಗುತ್ತದೆ. ಮುಂಭಾಗ ಇಳಿದಾಗ ಹಿಂದಿನ ಮೌಂಟು ತಿರುಗಣಿಯಾಗಿ, ಅದರಿಂದ 200 ಮಿ.ಮೀ. ಹಿಂದಿರುವ ಫ್ಲ್ಯಾಂಜ್ 0.6 ಮಿ.ಮೀ. ಮೇಲೇಳುತ್ತದೆ. ಅದಕ್ಕಾಗಿ ನಾಲ್ಕೂ ಮೌಂಟನ್ನು ಸುಮಾರು ಮೂರನೇ ಒಂದು ಸುತ್ತು ಇಳಿಸಿ, ನಡುವಿನ ಉಬ್ಬು ಮತ್ತೆ ಸಲೀಸಾಗಿ ಇಳಿಯುತ್ತದೆಯೇ ನೋಡಿ. ಈ ಲೆಕ್ಕ ಕಾಗದದ ಮೇಲೆ ಮಾಡಿಕೊಂಡವರು ಎರಡು ಮೂರು ಸುತ್ತಿನಲ್ಲಿ ಮುಗಿಸುತ್ತಾರೆ. ಅಂದಾಜಿನಲ್ಲಿ ತಿರುಗಿಸುವವರು ಸಂಜೆಯಾದರೂ ಎಂಜಿನ್ ಕೆಳಗೇ ಇರುತ್ತಾರೆ.

ಪಕ್ಕಕ್ಕೆ ಸರಿಸುವುದೇ ಕಷ್ಟ. ಪಾದದ ಬೋಲ್ಟ್ ಸಡಿಲಿಸಿ, ಮೌಂಟಿನ ಉದ್ದನೆಯ ತೂತಿನಲ್ಲಿ ಪಾದ ಜಾರುವಂತೆ ಹಾರೆಯಿಂದ ಮೆಲ್ಲಗೆ ಒತ್ತಿ. ಸುತ್ತಿಗೆ ಏಟು ಬೇಡ. ಮೌಂಟಿನ ಸ್ಟಡ್ಡಿನ ತೀರ ಮೇಲಿನ ತುದಿಗೆ ನಟ್ ಬಂದಿದ್ದರೆ ಹಾಗೆ ಬಿಡಬೇಡಿ, ಉದ್ದ ಸ್ಟಡ್ ಬಾಗಿ ಮುರಿಯುತ್ತದೆ. ಪಾದದ ಕೆಳಗೆ ಲೋಹದ ಪ್ಲೇಟ್ ಕೊಟ್ಟು ಇಡೀ ಮೌಂಟನ್ನೇ ಎತ್ತರಿಸಿ.

ಮೌಂಟಿನ ಮೇಲಿನ ನಟ್ ಬಿಗಿದಾಗ ಎಂಜಿನ್ ಸ್ವಲ್ಪ ಜರುಗುವುದು ಖಂಡಿತ. ಆದ್ದರಿಂದ ಎಲ್ಲ ಬಿಗಿದ ಮೇಲೆ ಮತ್ತೊಮ್ಮೆ ನಾಲ್ಕೂ ಕಡೆ ಅಳೆಯಿರಿ, ಆ ಅಳತೆಯೇ ಲೆಕ್ಕಕ್ಕೆ. ಕಪ್ಲಿಂಗ್ ಬೋಲ್ಟುಗಳನ್ನು ಎದುರುಬದುರಾಗಿ, ಹಂತ ಹಂತವಾಗಿ, ಮ್ಯಾನುಯಲ್ ಹೇಳಿದ ಟಾರ್ಕಿಗೆ ಬಿಗಿಯಿರಿ. ಹಳೆಯ ಲಾಕ್ ನಟ್ ಮತ್ತೆ ಹಾಕಬೇಡಿ. ಕಪ್ಲಿಂಗನ್ನು ಶಾಫ್ಟಿಗೆ ಹಿಡಿದ ಸ್ಕ್ರೂಗಳಿಗೆ ತಂತಿ ಹಾಕಿ ಕಟ್ಟಿ. ನ್ಯೂಟ್ರಲ್‌ನಲ್ಲಿ ಶಾಫ್ಟನ್ನು ಕೈಯಿಂದ ಒಂದು ಪೂರ್ತಿ ಸುತ್ತು ತಿರುಗಿಸಿ: ಸುತ್ತಿನುದ್ದಕ್ಕೂ ಒಂದೇ ಬಿಗಿ ಇರಬೇಕು. ಎಲ್ಲೋ ಒಂದು ಕಡೆ ಹಿಡಿದಂತಾದರೆ ಅರ್ಧ ಸುತ್ತಿನ ಪರೀಕ್ಷೆಗೆ ಮರಳಿ.

ಕೊನೆಯದಾಗಿ, ಶಾಫ್ಟಿಗೆ ಹಾಕಿದ ಕ್ಲಾಂಪ್ ತೆಗೆದಿರಾ ನೋಡಿ. ಅದನ್ನು ಮರೆತು ಗೇರ್ ಹಾಕಿದರೆ ಅದು ಶಾಫ್ಟಿನ ಜೊತೆ ಸುತ್ತಿ ಪಕ್ಕದಲ್ಲಿದ್ದದ್ದನ್ನೆಲ್ಲ ಕಿತ್ತುಹಾಕುತ್ತದೆ. ನೀರಿಗೆ ಹೊರಟಾಗ ಮೊದಲು ಬರೆದಿಟ್ಟ ಅದೇ ಆರ್‌ಪಿಎಂ ಮೆಟ್ಟಿಲುಗಳಲ್ಲಿ ಓಡಿಸಿ, ಪಕ್ಕದಲ್ಲೇ ಹೊಸ ಟಿಪ್ಪಣಿ ಬರೆಯಿರಿ. ಅರ್ಧ ಗಂಟೆ ಓಡಿದ ಮೇಲೆ ಎಂಜಿನ್ ನಿಲ್ಲಿಸಿ, ಗ್ಲ್ಯಾಂಡಿನ ಹೊರಮೈ ಕೈಯಿಂದ ಮುಟ್ಟಿ: ಬೆಚ್ಚಗಿದ್ದರೆ ಚಿಂತೆಯಿಲ್ಲ, ಕೈ ಇಡಲಾಗದಷ್ಟು ಸುಡುತ್ತಿದ್ದರೆ ಪ್ಯಾಕಿಂಗ್ ಅತಿಯಾಗಿ ಬಿಗಿದಿದೆ ಅಥವಾ ಶಾಫ್ಟ್ ಅಲ್ಲಿ ಒತ್ತುತ್ತಿದೆ. ಹೊಸ ಮೌಂಟ್ ಹಾಕಿದ ಬೋಟಾದರೆ ಸುಮಾರು 50 ಗಂಟೆ ಓಡಿದ ಮೇಲೆ ಕಪ್ಲಿಂಗ್ ಮತ್ತೊಮ್ಮೆ ಬಿಚ್ಚಿ ಅಳೆಯಿರಿ. ರಬ್ಬರ್ ಅಷ್ಟರಲ್ಲಿ ಇನ್ನಷ್ಟು ಕೂತಿರುತ್ತದೆ, ಎರಡನೇ ಸಲ ತಿರುಗಿಸಬೇಕಾಗುವುದು ಸಾಮಾನ್ಯವಾಗಿ ಕಾಲು ಸುತ್ತಿನಷ್ಟೇ.